ತಿರುಪು ಬಿಚ್ಚುವ ಹಕ್ಕು

ಯಾರಾದರೂ ಹೊಸ ಲ್ಯಾಪ್‌ಟಾಪ್ ಕೊಂಡು ತಂದು ತೋರಿಸಿದರೆ ನಾನು ಮೊದಲು ಅದನ್ನು ಬೋರಲು ಹಾಕಿ ನೋಡುತ್ತೇನೆ. ಪರದೆ ಎಷ್ಟು ಚೆಂದ, ಮೈ ಎಷ್ಟು ತೆಳು, ತೂಕ ಎಷ್ಟು ಕಮ್ಮಿ ಎಂಬುದನ್ನೆಲ್ಲ ಕೊಂಡವರೇ ಹೇಳುತ್ತಾರೆ. ಅಡಿಭಾಗದ ಸುದ್ದಿಯನ್ನು ಮಾತ್ರ ಅವರಿಗೂ ಯಾರೂ ಹೇಳಿರುವುದಿಲ್ಲ. ಅಲ್ಲಿ ತಿರುಪುಗಳಿವೆಯೇ? ಇದ್ದರೆ ಮನೆಯಲ್ಲಿರುವ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರಿಗೆ ಬರುತ್ತವೆಯೇ, ಇಲ್ಲ ಐದೆಸಳಿನ ತಲೆಯ ವಿಶೇಷ ತಿರುಪುಗಳೇ? ರಬ್ಬರ್ ಕಾಲಿನ ಅಡಿಯಲ್ಲಿ ಇನ್ನೆರಡು ಅಡಗಿವೆಯೇ? ರ‍್ಯಾಮ್ ತೆಗೆದು ಹಾಕುವಂಥದ್ದೋ, ಬೋರ್ಡಿಗೆ ಬೆಸೆದದ್ದೋ? ಬ್ಯಾಟರಿಯನ್ನು ತಿರುಪು ಹಾಕಿ ಕೂರಿಸಿದ್ದಾರೋ, ಅಂಟು ಹಾಕಿ ಮೆತ್ತಿದ್ದಾರೋ? ಇಷ್ಟು ತಿಳಿದರೆ ಆ ಯಂತ್ರ ಅವರ ಮನೆಯಲ್ಲಿ ಎಷ್ಟು ಕಾಲ ಬಾಳುತ್ತದೆಂದು ಹೆಚ್ಚುಕಡಿಮೆ ಹೇಳಬಹುದು.

ನನ್ನ ಮೇಜಿನ ಮೇಲಿರುವುದು 2011ರ ಥಿಂಕ್‌ಪ್ಯಾಡ್ ಎಕ್ಸ್220. ಹನ್ನೆರಡೂವರೆ ಇಂಚಿನ ಪರದೆ, ಕಪ್ಪು ಮೈ, ಕೀಲಿಮಣೆಯ ನಟ್ಟನಡುವೆ ಕೆಂಪು ಗುಂಡಿ. ಇದನ್ನು ಬೋರಲು ಹಾಕಿದರೆ ನನಗೆ ಕಣ್ಣು ತಣಿಯುತ್ತದೆ. ಎರಡು ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತದೆ. ಸಣ್ಣದೊಂದು ಮುಚ್ಚಳ ತೆಗೆದರೆ ರ‍್ಯಾಮ್ ಕಾಣುತ್ತದೆ. ಬದಿಯ ತಿರುಪು ಬಿಚ್ಚಿದರೆ ಹಾರ್ಡ್ ಡಿಸ್ಕ್ ಈಚೆಗೆ ಜಾರುತ್ತದೆ. ಕೀಲಿಮಣೆ ತೆಗೆಯಲು ಯಾವ ತಿರುಪು ಬಿಚ್ಚಬೇಕೆಂದು ತಿಳಿಸಲು ಆ ತಿರುಪಿನ ಪಕ್ಕದಲ್ಲೇ ಪುಟ್ಟ ಕೀಲಿಮಣೆಯ ಚಿತ್ರ ಮೂಡಿಸಿದ್ದಾರೆ. ಇಡೀ ಯಂತ್ರವನ್ನು ಕಳಚಿ ಮತ್ತೆ ಜೋಡಿಸುವ ಬಗೆಯನ್ನು ಚಿತ್ರಸಮೇತ ವಿವರಿಸುವ ಕೈಪಿಡಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಲೆಂದು ತಯಾರಕರೇ ಬಹಿರಂಗವಾಗಿ ಇಟ್ಟಿದ್ದರು. ನಾನು ಇದಕ್ಕೆ ಎಸ್‌ಎಸ್‌ಡಿ ಹಾಕಿದೆ, ರ‍್ಯಾಮ್ ಹೆಚ್ಚಿಸಿದೆ, ಫ್ಯಾನಿನ ಧೂಳು ತೆಗೆದು ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ, ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಸ್ಥಾಪಿಸಿದೆ. ಈ ಬರಹವನ್ನು ಬರೆಯುತ್ತಿರುವುದೂ ಇದರಲ್ಲೇ.

ತಮ್ಮನ ಮಗಳು ಇಂಜಿನಿಯರಿಂಗ್ ಸೇರುವ ಹೊತ್ತಿಗೆ ಕೇಳಿದಳು: “ದೊಡ್ಡಪ್ಪ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?” ಅವಳು ನಾಲ್ಕು ಮಾದರಿಗಳ ಪಟ್ಟಿ ಮಾಡಿಕೊಂಡೇ ಬಂದಿದ್ದಳು, ಪ್ರೊಸೆಸರ್ ಯಾವ ತಲೆಮಾರಿನದು, ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಎಷ್ಟು, ಎಲ್ಲ ಬಾಯಿಪಾಠ. ನಾನು ಒಂದೇ ಪ್ರಶ್ನೆ ಕೇಳಿದೆ: ಇದರಲ್ಲಿ ಯಾವುದನ್ನು ಮೂರು ವರ್ಷ ಕಳೆದ ಮೇಲೆ ನೀನೇ ಬಿಚ್ಚಿ ಬ್ಯಾಟರಿ ಬದಲಿಸಬಹುದು? ಆ ಪ್ರಶ್ನೆಗೆ ಉತ್ತರ ಯಾವ ಜಾಹೀರಾತಿನಲ್ಲೂ ಇರಲಿಲ್ಲ. ಅವಳು ಹುಡುಕಿ ತೆಗೆದಳು, ಎರಡು ಮಾದರಿ ಪಟ್ಟಿಯಿಂದ ಬಿದ್ದುಹೋದವು. ಅವಳು ಕೊನೆಗೆ ಕೊಂಡದ್ದು ಕೊಂಚ ದಪ್ಪವಾಗಿದೆ, ಗೆಳತಿಯರ ಲ್ಯಾಪ್‌ಟಾಪಿನಷ್ಟು ಚೆಲುವಾಗಿಲ್ಲ. ಆದರೆ ರ‍್ಯಾಮಿಗೆ ಖಾಲಿ ಸ್ಲಾಟ್ ಇದೆ. ಇದು ಬುದ್ಧಿವಂತರ ಆಯ್ಕೆ ಎಂದೇ ನಾನು ತಿಳಿದಿದ್ದೇನೆ.

ಕಂಪ್ಯೂಟರ್ ಎಂಬುದು ಹುಟ್ಟಿನಿಂದಲೇ ಮುಚ್ಚಿದ ಪೆಟ್ಟಿಗೆಯಾಗಿರಲಿಲ್ಲ ಎಂಬುದನ್ನು ಇಂದಿನ ಹುಡುಗರಿಗೆ ಹೇಳಬೇಕಾಗಿದೆ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಅದರೊಳಗಿದ್ದವು ಬಹುಮಟ್ಟಿಗೆ ಬೇರೆಯವರಿಂದ ಕೊಂಡ ಭಾಗಗಳು; ಪ್ರೊಸೆಸರ್ ಇಂಟೆಲ್ಲಿನ 8088. ಅದರ ತಾಂತ್ರಿಕ ಕೈಪಿಡಿಯಲ್ಲಿ ಸರ್ಕ್ಯೂಟಿನ ನಕ್ಷೆಗಳಿದ್ದವು. ಯಂತ್ರ ಶುರುವಾಗುವಾಗ ಮೊದಲು ಓಡುವ ಬಯಾಸ್ ಎಂಬ ತಂತ್ರಾಂಶದ ಮೂಲ ಸಾಲುಗಳೂ ಅದರಲ್ಲೇ ಅಚ್ಚಾಗಿದ್ದವು. ಬಯಾಸ್ ಮೇಲೆ ಐಬಿಎಂಗೆ ಕೃತಿಸ್ವಾಮ್ಯವಿತ್ತು, ನಕಲು ಮಾಡುವ ಹಾಗಿರಲಿಲ್ಲ. ಕಾಂಪ್ಯಾಕ್ ಕಂಪನಿಯವರು ಒಂದು ಉಪಾಯ ಮಾಡಿದರು. ಒಂದು ತಂಡ ಐಬಿಎಂನ ಬಯಾಸನ್ನು ಓದಿ ಅದು ಏನೇನು ಮಾಡುತ್ತದೆ ಎಂದಷ್ಟೇ ಬರೆದಿಟ್ಟಿತು. ಆ ಕೋಡನ್ನು ಎಂದೂ ಕಣ್ಣಿಂದ ನೋಡಿರದ ಇನ್ನೊಂದು ತಂಡ ಆ ವಿವರಣೆಯನ್ನು ಮಾತ್ರ ಮುಂದಿಟ್ಟುಕೊಂಡು ಹೊಸ ಬಯಾಸ್ ಬರೆಯಿತು. 1983ರಲ್ಲಿ ಕಾಂಪ್ಯಾಕ್ ಯಂತ್ರಗಳು ಅಂಗಡಿಗೆ ಬಂದವು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇದೇ ದಾರಿಯಲ್ಲಿ ತಯಾರಿಸಿದ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ತೈವಾನಿನ ಮದರ್‌ಬೋರ್ಡುಗಳು, ಯಾರ ಪೆಟ್ಟಿಗೆಗೆ ಯಾರ ಕಾರ್ಡನ್ನಾದರೂ ಹಾಕುವ ಅನುಕೂಲ, ಬೀಳುತ್ತ ಹೋದ ಬೆಲೆ, ಎಲ್ಲವೂ ಇದರ ಬೆನ್ನಿಗೆ ಬಂದವು. 1984ರ ನವೆಂಬರಿನಲ್ಲಿ ನಮ್ಮ ದೇಶ ತನ್ನ ಕಂಪ್ಯೂಟರ್ ನೀತಿಯನ್ನು ಸಡಿಲಿಸಿತು. ಆಮೇಲಿನ ವರ್ಷಗಳಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಕೊಡುವ ಅಂಗಡಿಗಳು ಎದ್ದು ನಿಂತದ್ದಕ್ಕೂ, ಕೆಳಮಧ್ಯಮ ವರ್ಗದ ಮನೆಗಳಿಗೆ ಮೊದಲ ಕಂಪ್ಯೂಟರ್ ಬಂದದ್ದಕ್ಕೂ ಆ ತೆರೆದ ಕೈಪಿಡಿಯೇ ಬುಡ. ನಕ್ಷೆಯನ್ನು ಗುಟ್ಟಾಗಿಟ್ಟಿದ್ದರೆ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ಕಲಿಯುವುದನ್ನು ನ್ಯಾಯಾಲಯಗಳು ತಡೆದಿದ್ದರೆ, ನನ್ನಂಥವನ ಕೈಗೆ ಕಂಪ್ಯೂಟರ್ ಸಿಗಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ.

ಎಸ್.ಪಿ. ರೋಡಿಗೆ ಈಗಲೂ ಹೋಗುತ್ತೇನೆ. ಅಲ್ಲಿ ಮಹಡಿಯ ಮೇಲೆ ಚಿಕ್ಕ ಕೋಣೆಯಲ್ಲಿ ರಿಪೇರಿ ಮಾಡುವ ಹುಡುಗನೊಬ್ಬನ ಪರಿಚಯವಿದೆ. ಅವನ ಮೇಜಿನ ಮೇಲೆ ಸೂಕ್ಷ್ಮದರ್ಶಕ, ಹಾಟ್ ಏರ್ ಗನ್, ಫ್ಲಕ್ಸ್ ಡಬ್ಬಿ, ಮಲ್ಟಿಮೀಟರ್. ಗೋಡೆಗೆ ಆನಿಸಿದ ಪರದೆಯಲ್ಲಿ ಮದರ್‌ಬೋರ್ಡಿನ ಸ್ಕಿಮ್ಯಾಟಿಕ್. ಸತ್ತ ಬೋರ್ಡನ್ನು ಎದುರಿಗಿಟ್ಟುಕೊಂಡು ಮೊದಲು ಕರೆಂಟ್ ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಮಲ್ಟಿಮೀಟರಿನ ಎರಡು ಕಡ್ಡಿ ಮುಟ್ಟಿಸುತ್ತ ಹೋಗುತ್ತಾನೆ. ಅಕ್ಕಿಯ ನುಚ್ಚಿಗಿಂತ ಸಣ್ಣದಾದ ಒಂದು ಕೆಪಾಸಿಟರ್ ಶಾರ್ಟ್ ಆಗಿದ್ದರೆ ಇಡೀ ಬೋರ್ಡ್ ಏಳುವುದಿಲ್ಲ. ಅದನ್ನು ಕಂಡುಹಿಡಿದು, ಬಿಸಿಗಾಳಿ ಹಾಯಿಸಿ, ಚಿಮಟದಲ್ಲಿ ಎತ್ತಿ, ಬೇರೆ ಬೋರ್ಡಿನಿಂದ ತೆಗೆದದ್ದನ್ನು ಅದೇ ಜಾಗದಲ್ಲಿ ಕೂರಿಸಿ ಬೆಸೆಯುತ್ತಾನೆ. ಫ್ಯಾನ್ ತಿರುಗುತ್ತದೆ. ಸರ್ವಿಸ್ ಸೆಂಟರಿನವರು ಇಡೀ ಬೋರ್ಡ್ ಬದಲಿಸಬೇಕು, ಹೊಸ ಲ್ಯಾಪ್‌ಟಾಪಿಗೇ ಸ್ವಲ್ಪ ಸೇರಿಸಿದರೆ ವಾಸಿ ಎಂದು ಹೇಳಿ ಕಳಿಸಿದ್ದ ಯಂತ್ರ ಅದು.

ಅವನು ನೋಡುವ ನಕ್ಷೆಗಳನ್ನು ಕಂಪನಿಗಳು ಕೊಡುವುದಿಲ್ಲ. ಕೈಯಿಂದ ಕೈಗೆ ದಾಟಿ ಬಂದವು. ಮೊನ್ನೆ ಹೋದಾಗ ಎರಡು ಫೋನು ಬಿಚ್ಚಿಟ್ಟುಕೊಂಡು ಕೂತಿದ್ದ. ಒಂದೇ ಕಂಪನಿ, ಒಂದೇ ಮಾದರಿ. ಒಂದರ ಪರದೆ ಒಡೆದಿತ್ತು, ಇನ್ನೊಂದರ ಬೋರ್ಡ್ ನೀರು ಬಿದ್ದು ಹಾಳಾಗಿತ್ತು. ಎರಡನೆಯದರ ಪರದೆಯನ್ನು ಮೊದಲನೆಯದಕ್ಕೆ ಹಾಕಿದ್ದ. ಪರದೆ ಬೆಳಗಿತು, ಜೊತೆಗೇ ಇದು ಅಸಲಿ ಭಾಗವಲ್ಲ ಎಂಬ ಎಚ್ಚರಿಕೆಯೂ ಬಂತು.

“ಪಾರ್ಟು ಒರಿಜಿನಲ್ಲೇ ಸಾರ್, ಅದೇ ಕಂಪನಿದು. ನಿಮ್ಮ ಕಣ್ಣೆದುರಿಗೇ ತೆಗ್ದು ಹಾಕಿದ್ದು. ಆದ್ರೂ ಒಪ್ಪಲ್ಲ. ಗಿರಾಕಿ ನೋಡಿದ್ರೆ ನಾನೇ ಡೂಪ್ಲಿಕೇಟ್ ಹಾಕಿದೀನಿ ಅಂತಾರೆ.”

ಪರದೆಯಂಥ ಮುಖ್ಯ ಭಾಗಗಳಿಗೆ ಒಂದೊಂದು ಗುರುತಿನ ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಆ ಫೋನಿನ ಬೋರ್ಡಿಗೆ ಗಂಟು ಹಾಕಿದ್ದಾರೆ. ಗಂಟನ್ನು ಬಿಡಿಸಿ ಮತ್ತೆ ಹಾಕುವ ತಂತ್ರಾಂಶ ಕಂಪನಿಯ ಹತೋಟಿಯಲ್ಲೇ ಇರುತ್ತದೆ. ಮನೆ ಮಾರಿದವನು ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು ಹೋದ ಹಾಗಾಯಿತು. ಕಳ್ಳತನ ತಡೆಯಲು ಇದು ಬೇಕು ಎನ್ನುತ್ತಾರೆ. ಕದ್ದ ಫೋನನ್ನು ನಿಷ್ಕ್ರಿಯಗೊಳಿಸುವುದು ಒಳ್ಳೆಯದೇ, ನಾನು ಒಪ್ಪುತ್ತೇನೆ. ಆದರೆ ಕೊಂಡ ರಸೀದಿ ಕೈಯಲ್ಲಿರುವವನ ಫೋನಿಗೂ ಅದೇ ಕಾಯಿದೆ ಏಕೆ? ಆ ಹುಡುಗನ ಬೆರಳಿನ ವಿದ್ಯೆ ಐದಾರು ವರ್ಷದ ದುಡಿಮೆಯಿಂದ ಬಂದದ್ದು. ಎರಡು ಸಾಲಿನ ಎಚ್ಚರಿಕೆ ಅವನನ್ನು ಗಿರಾಕಿಯ ಎದುರಿಗೆ ಮೋಸಗಾರನನ್ನಾಗಿ ನಿಲ್ಲಿಸುತ್ತದೆ. ನನಗೆ ಅತ್ಯಂತ ಸಿಟ್ಟು ತರಿಸುವುದು ಇದು.

ರಿಪೇರಿಯ ಪರವಾಗಿ ಕಾನೂನು ಮಾಡಿದವರೂ ಇದ್ದಾರೆ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪು ಮಾರುವವರು ಅದನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಎಂದು ಹತ್ತಕ್ಕೆ ಅಂಕ ಹಾಕಿ ಬೆಲೆಚೀಟಿಯ ಪಕ್ಕದಲ್ಲೇ ತೋರಿಸಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಫೋನು, ಗೃಹೋಪಯೋಗಿ ವಸ್ತು, ವಾಹನ, ಈ ನಾಲ್ಕಕ್ಕೂ ಅಲ್ಲಿ ಜಾಗವಿದೆ. ಶುರುವಾದದ್ದು ಸಂತೋಷ. ಬಿಡಿಭಾಗ ಕೊಡಲೇಬೇಕು, ನಕ್ಷೆ ಪ್ರಕಟಿಸಲೇಬೇಕು ಎಂದು ಕಡ್ಡಾಯ ಮಾಡುವ ಕಾನೂನು ಬಂದಾಗ ಈ ಹಕ್ಕಿಗೆ ಹಲ್ಲು ಬರುತ್ತದೆ.

ಯಂತ್ರಾಂಶ ಗಟ್ಟಿಯಾಗಿದ್ದೂ ತಂತ್ರಾಂಶದ ಕಾರಣಕ್ಕೆ ಮೂಲೆಗೆ ಬೀಳುವುದು ಇನ್ನೊಂದು ಕಥೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಇಂಟೆಲ್ ಆದರೆ ಸುಮಾರಾಗಿ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಆರನೆಯ ತಲೆಮಾರಿನ ಐ5, ಎಂಟು ಜಿಬಿ ರ‍್ಯಾಮ್ ಇರುವ ಯಂತ್ರ ಪತ್ರ ಬರೆಯಲು, ಲೆಕ್ಕ ಇಡಲು, ಪಾಠದ ವಿಡಿಯೋ ನೋಡಲು ಇವತ್ತಿಗೂ ಧಾರಾಳ ಸಾಕು. ಬೆಂಬಲ ಮುಗಿದ ಮೇಲೆ ಒಂದು ವರ್ಷದ ಮಟ್ಟಿಗೆ ಭದ್ರತಾ ತೇಪೆಗಳನ್ನು ಪಡೆಯುವ ದಾರಿಯನ್ನು ಕಂಪನಿ ಇಟ್ಟಿತು. ಅದರಾಚೆಗೆ ಹೊಸ ಯಂತ್ರ ಕೊಳ್ಳಿ ಎಂಬುದೇ ಸಲಹೆ. ಟಿಪಿಎಂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಲ್ಯಾಪ್‌ಟಾಪ್ ಕಳೆದುಹೋದಾಗ ಡಿಸ್ಕಿನಲ್ಲಿರುವುದು ಕಂಡವರ ಪಾಲಾಗದಂತೆ ಕಾಯಲು ಅದು ನೆರವಾಗುತ್ತದೆ. ಅದಿಲ್ಲದ ಯಂತ್ರ ಕಸ ಎಂಬ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಊರಿನ ಶಾಲೆಯೊಂದಕ್ಕೆ ಹಳೆಯ ವಿದ್ಯಾರ್ಥಿಗಳು ಕೊಟ್ಟಿದ್ದ ಇಂಥವೇ ಕಂಪ್ಯೂಟರುಗಳಿಗೆ ನಾವು ಕೆಲವರು ಸೇರಿ ಲಿನಕ್ಸ್ ಹಾಕಿಕೊಟ್ಟೆವು. ಮಕ್ಕಳು ಚಿತ್ರ ಬರೆಯುತ್ತಾರೆ, ಕನ್ನಡ ಟೈಪ್ ಮಾಡುತ್ತಾರೆ, ಪೈಥಾನ್ ಕಲಿಯುತ್ತಾರೆ. ಪಕ್ಕದ ಕೇರಳವು ಇದನ್ನು ರಾಜ್ಯದ ಮಟ್ಟದಲ್ಲೇ ಮಾಡಿ ತೋರಿಸಿದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಸ್ವತಂತ್ರ ತಂತ್ರಾಂಶದ ಮೇಲೆ. ಪ್ರತಿ ಕಂಪ್ಯೂಟರಿಗೂ ಲೈಸೆನ್ಸ್ ಶುಲ್ಕ ಕಟ್ಟುವ ಹೊರೆ ಅವರಿಗಿಲ್ಲ.

ಲಿನಕ್ಸ್ ಎಂದರೆ ಪುಕ್ಕಟೆ ಎಂದಷ್ಟೇ ತಿಳಿದವರು ಬಹಳ ಮಂದಿ. ಅದರ ಹಿಂದಿರುವುದು ಒಂದು ಪ್ರಿಂಟರಿನ ಜಗಳ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತು. ಅದರಲ್ಲಿ ಮತ್ತೆಮತ್ತೆ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರಿಗೆ ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣ ಪ್ರೋಗ್ರಾಮರ್ ತಾವೇ ಕೋಡ್ ಸೇರಿಸಿ, ಕಾಗದ ಸಿಕ್ಕಿಕೊಂಡ ಕೂಡಲೇ ಮುದ್ರಣಕ್ಕೆ ಕಾಯುತ್ತಿದ್ದವರ ಪರದೆಗೆ ಸುದ್ದಿ ಹೋಗುವಂತೆ ಮಾಡಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಮೂಲ ಕೋಡ್ ಇಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅದರ ಪ್ರತಿ ಇದ್ದವರನ್ನು ಹುಡುಕಿಕೊಂಡು ಹೋಗಿ ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂಬ ಉತ್ತರ ಬಂತು. ಸಹೋದ್ಯೋಗಿಗೆ ಸಹಾಯ ಮಾಡುವುದನ್ನೇ ಕರಾರಿನಿಂದ ತಪ್ಪಿಸಿದ್ದು ಸ್ಟಾಲ್‌ಮನ್‌ಗೆ ನುಂಗಲಾಗದ ತುತ್ತಾಯಿತು. 1983ರ ಸೆಪ್ಟೆಂಬರಿನಲ್ಲಿ ಅವರು ಗ್ನು ಯೋಜನೆ ಪ್ರಕಟಿಸಿದರು, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದರು. ಬೇಕಾದ ಕೆಲಸಕ್ಕೆ ಓಡಿಸುವುದು, ಒಳಗೇನಿದೆಯೆಂದು ಓದಿ ತಿದ್ದುವುದು, ಹಂಚುವುದು, ತಿದ್ದಿದ್ದನ್ನೂ ಹಂಚುವುದು ಎಂಬ ನಾಲ್ಕು ಸ್ವಾತಂತ್ರ್ಯಗಳನ್ನು ಬಳಸುವವರ ಹಕ್ಕೆಂದು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಕರ್ನೆಲ್ ಮರುವರ್ಷ ಈ ಸ್ವಾತಂತ್ರ್ಯಗಳನ್ನು ಕೊಡುವ ಗ್ನು ಲೈಸೆನ್ಸಿನ ಕೆಳಗೆ ಬಂದು ಸೇರಿತು.

ಒಳಗೇನಿದೆ ಎಂದು ಓದುವ ಸ್ವಾತಂತ್ರ್ಯದಿಂದ ಸಾಮಾನ್ಯರಿಗೆ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಟೊರ್ವಾಲ್ಡ್ಸ್‌ಗೆ ಪಾಠವಾಗಿದ್ದದ್ದು ಮಿನಿಕ್ಸ್. ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ವಿದ್ಯಾರ್ಥಿಗಳಿಗೆ ಕಲಿಸಲೆಂದು ಬರೆದ ಪುಟ್ಟ ಕಾರ್ಯಾಚರಣ ವ್ಯವಸ್ಥೆ. ಇಂಟೆಲ್ ತನ್ನ ಚಿಪ್‌ಸೆಟ್ಟುಗಳೊಳಗೆ ಒಂದು ಪುಟ್ಟ ಕಂಪ್ಯೂಟರನ್ನೇ ಇಟ್ಟಿದೆ, ನಮ್ಮ ಕಾರ್ಯಾಚರಣ ವ್ಯವಸ್ಥೆಗೆ ತಿಳಿಯದೆ ಅದು ತನ್ನ ಕೆಲಸ ಮಾಡಿಕೊಂಡಿರುತ್ತದೆ. 2017ರಲ್ಲಿ ತಜ್ಞರು ಅದನ್ನು ಬಗೆದು ನೋಡಿದಾಗ ಒಳಗೆ ಓಡುತ್ತಿದ್ದದ್ದು ಮಿನಿಕ್ಸ್. ಕೋಟಿಗಟ್ಟಲೆ ಯಂತ್ರಗಳಲ್ಲಿ ತಮ್ಮ ಕೃತಿ ಓಡುತ್ತಿದೆ ಎಂಬುದು ಟನೆನ್‌ಬಾಮ್ ಅವರಿಗೇ ಆಗ ಗೊತ್ತಾಯಿತು. ಕಾನೂನಿನಂತೆ ತಿಳಿಸಬೇಕಾಗಿರಲಿಲ್ಲ, ತಿಳಿಸಿದ್ದರೆ ಚೆನ್ನಾಗಿತ್ತು ಎಂದು ಅವರು ಇಂಟೆಲ್ಲಿಗೆ ಬಹಿರಂಗ ಪತ್ರ ಬರೆದರು. ಬರೆದವರಿಗೇ ತಿಳಿಯದೆ, ಕೊಂಡವರಿಗೂ ತಿಳಿಯದೆ ಯಂತ್ರದೊಳಗೆ ಒಂದು ವ್ಯವಸ್ಥೆ ಇರಬಹುದಾದರೆ ಓದುವ ಹಕ್ಕು ಎಲ್ಲರ ಪರವಾಗಿ ಯಾರಿಗಾದರೂ ಇರಲೇಬೇಕು. ಓದಬಲ್ಲ ನಾಲ್ವರು ಊರಿಗೆ ಸಾಕು.

ಇದೆಲ್ಲ ದೂರದ ಮಾತೆನಿಸಿದರೆ ನಮ್ಮ ಮೇಷ್ಟ್ರ ಸಿಡಿಯ ವಿಷಯ ಹೇಳುತ್ತೇನೆ. ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದವರು. ಸುತ್ತಲಿನ ಹಳ್ಳಿಗಳ ಹಾಡು, ಒಗಟು, ಗಾದೆ, ಊರಹೆಸರಿನ ಹಿಂದಿನ ಕಥೆಗಳನ್ನು ಬಹುಕಾಲ ಕೂಡಿಹಾಕಿ, ತೊಂಬತ್ತರ ದಶಕದ ಕೊನೆಯಿಂದ ಅವನ್ನು ಡಿಟಿಪಿ ಮಾಡಿಸುತ್ತ ಬಂದರು. ಹಾಡಿದ ಅಜ್ಜಿಯರಲ್ಲಿ ಹೆಚ್ಚಿನವರು ಈಗಿಲ್ಲ. ಆ ಕಡತಗಳಿದ್ದ ಸಿಡಿಯನ್ನು ಹಿಡಿದುಕೊಂಡು ಮೇಷ್ಟ್ರು ನನ್ನ ಮನೆಗೆ ಬಂದರು. ತೆರೆದೆವು. ಪರದೆಯ ತುಂಬ ಅರ್ಥವಿಲ್ಲದ ಗುರುತುಗಳು.

“ಏನಯ್ಯ ಇದು? ನನ್ನ ಕನ್ನಡ ಎಲ್ಲಿ ಹೋಯ್ತು?”

“ಇಲ್ಲೇ ಇದೆ ಸಾರ್, ಓದುವ ಬಗೆ ಬೇರೆ,” ಎಂದೆ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಸ್ವಂತ ಜಾಗ ಕೊಡುವ ಯೂನಿಕೋಡ್ ನೆಲೆಯಾಗುವ ಮೊದಲು ಕನ್ನಡದ ತಂತ್ರಾಂಶಗಳು ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳ ಜಾಗವನ್ನೇ ಬಳಸಿಕೊಳ್ಳುತ್ತಿದ್ದವು. ಕಡತದಲ್ಲಿ ಉಳಿಯುತ್ತಿದ್ದದ್ದು ಆ ಅಕ್ಷರ. ಅದರ ಮೇಲೆ ಕನ್ನಡದ ಆಕಾರ ಬರೆಯುತ್ತಿದ್ದದ್ದು ಫಾಂಟು. ನುಡಿ ಎಂಬ ತಂತ್ರಾಂಶದ ಹಳೆಯ ಸಂಕೇತದಲ್ಲಿ ‘ಕನ್ನಡ’ ಎಂದು ಬರೆದದ್ದನ್ನು ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮೊದಲು ಇಂಗ್ಲಿಷಿನ ಪಿ ಕಾಣುತ್ತದೆ, ಆಮೇಲೆ ತಲೆಯ ಮೇಲೆ ಗೀಟು ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ನ ಒತ್ತಿನ ಜಾಗದಲ್ಲಿ ಜರ್ಮನರ ಎಸ್ಸೆಟ್ ಅಕ್ಷರ, ಕೊನೆಗೆ ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ಕಂಪ್ಯೂಟರಿಗೆ ಇದು ಕನ್ನಡವೆಂಬ ಅರಿವೇ ಇಲ್ಲ. ಹುಡುಕಿದರೆ ಸಿಗದು, ಅಕಾರಾದಿಯಲ್ಲಿ ಜೋಡಿಸಿದರೆ ಚೆಲ್ಲಾಪಿಲ್ಲಿ. ಆಗಿನ ದಿನಗಳಲ್ಲಿ ಬೇರೆ ದಾರಿ ಇರಲಿಲ್ಲ. ಬರಹ, ನುಡಿ ಮೊದಲಾದವು ಬಾರದೇ ಹೋಗಿದ್ದರೆ ಕನ್ನಡ ಕಂಪ್ಯೂಟರಿಗೆ ಕಾಲಿಡುವುದೇ ತಡವಾಗುತ್ತಿತ್ತು. ಕೆ.ಪಿ. ರಾವ್ ಅವರು ತಾವು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ತಮ್ಮ ಸ್ವತ್ತೆಂದು ಕಟ್ಟಿಡದೆ ಎಲ್ಲರಿಗೂ ಬಿಟ್ಟುಕೊಟ್ಟರು. ಇಂದು ನಮ್ಮಲ್ಲಿ ಬಹಳ ಮಂದಿ ಒಂದೇ ಬಗೆಯಲ್ಲಿ ಕನ್ನಡ ಟೈಪ್ ಮಾಡುವುದು ಆ ಉದಾರತೆಯಿಂದ.

ಮೇಷ್ಟ್ರ ಕಡತಗಳಲ್ಲಿ ಹೆಚ್ಚಿನವು ನುಡಿಯಲ್ಲಿದ್ದವು. ನುಡಿಯಲ್ಲಿ ಯಾವ ಗುರುತು ಯಾವ ಆಕಾರಕ್ಕೆ ಎಂಬ ಕೋಷ್ಟಕ ಎಲ್ಲರಿಗೂ ಗೊತ್ತಿರುವಂಥದ್ದು. ಹಾಗಾಗಿ ಅದನ್ನು ಯೂನಿಕೋಡಿಗೆ ತರುವ ಮುಕ್ತ ಆಕರದ ಪರಿವರ್ತಕಗಳಿವೆ. ಓಡಿಸಿದೆವು. ಹಾಡುಗಳು ಒಂದೊಂದಾಗಿ ಎದ್ದು ಬಂದವು. ಅಲ್ಲಲ್ಲಿ ತೊಡಕು. ಅರ್ಕಾವೊತ್ತನ್ನೇ ನೋಡಿ: ‘ಸೂರ್ಯ’ ಎಂಬಲ್ಲಿ ಹಳೆಯ ಫಾಂಟು ಮೊದಲು ಯಕಾರ ಬರೆದು ಆಮೇಲೆ ಅರ್ಕಾವೊತ್ತು ಇಡುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ರಕಾರವನ್ನು ಮೊದಲಿಡುತ್ತದೆ. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ತರಬೇಕು. ಒತ್ತಕ್ಷರ, ದೀರ್ಘ ಎರಡೂ ಸೇರಿದ ಕಡೆ ಎಡವುತ್ತಿತ್ತು. ಕೋಡ್ ತೆರೆದೇ ಇದ್ದುದರಿಂದ ಎಡವುವ ಜಾಗಗಳನ್ನು ಕಂಡು ತಿದ್ದಿದೆವು, ತಿದ್ದಿದ್ದನ್ನು ಮೂಲ ಬರೆದವರಿಗೂ ಕಳಿಸಿದೆವು. ಸ್ಟಾಲ್‌ಮನ್ ಕೇಳಿದ ಸ್ವಾತಂತ್ರ್ಯ ನನಗೆ ಮೈಗಂಟಿ ಅರ್ಥವಾದದ್ದು ಅವತ್ತು.

ಒಂದು ಕಂತೆ ಮಾತ್ರ ಹಠ ಹಿಡಿದು ಕೂತಿತು. ಒಗಟುಗಳ ಭಾಗ. ಅದನ್ನು ಬೇರೊಂದು ಪ್ರೆಸ್ಸಿನಲ್ಲಿ ಖಾಸಗಿ ತಂತ್ರಾಂಶವೊಂದರಲ್ಲಿ ಟೈಪ್ ಮಾಡಿಸಿದ್ದರು. ಅದರ ಕೋಷ್ಟಕ ಹೊರಗೆಲ್ಲೂ ಇಲ್ಲ. ಅದನ್ನು ಓಡಿಸಲು ಕಂಪ್ಯೂಟರಿನ ಹಿಂಭಾಗಕ್ಕೆ ಒಂದು ಡಾಂಗಲ್ ಚುಚ್ಚಬೇಕು. ಡಾಂಗಲ್ ಕೆಟ್ಟಿದೆ, ಪ್ರೆಸ್ಸು ಮುಚ್ಚಿದೆ. ದುಡ್ಡು ಕೊಟ್ಟು ಮಾಡಿಸಿದ ತಮ್ಮದೇ ಬರಹವನ್ನು ತಾವೇ ಓದಲಾರದೆ ಮೇಷ್ಟ್ರು ಕೂತಿದ್ದರು. ಪುಣ್ಯಕ್ಕೆ ಅಚ್ಚಾದ ಕೆಲವು ಹಾಳೆಗಳು ಅವರ ಟ್ರಂಕಿನಲ್ಲಿ ಉಳಿದಿದ್ದವು. ಒಂದು ಕಣ್ಣು ಹಾಳೆಯ ಮೇಲೆ, ಒಂದು ಕಣ್ಣು ಪರದೆಯ ಮೇಲೆ ಇಟ್ಟು, ಈ ಗುರುತಿಗೆ ಈ ಅಕ್ಷರ ಎಂದು ನಾವೇ ಕೋಷ್ಟಕ ಕಟ್ಟಿದೆವು. ಮೇಷ್ಟ್ರು ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಹಾಳೆ ಕಳೆದುಹೋದ ಒಗಟುಗಳೂ ಆ ಕೋಷ್ಟಕದಿಂದ ಬಂದವು.

ಈಗ ಆ ಸಂಗ್ರಹವನ್ನು ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ಕೇಳುತ್ತಾನೆ. ಅವನು ಬಳಸುವ ಪರದೆ ಓದುವ ತಂತ್ರಾಂಶ ಎನ್‌ವಿಡಿಎ, 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು ಶುರುಮಾಡಿದ್ದು. ದುಬಾರಿ ತಂತ್ರಾಂಶಗಳನ್ನು ಕೊಳ್ಳಲಾರದವರಿಗೂ ಸಿಗಲೆಂದು ಮುಕ್ತವಾಗಿ ಬಿಟ್ಟದ್ದು. ಅದರ ಜೊತೆಗಿರುವ ಇಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಒರಟು, ಕೇಳಿ ಅಭ್ಯಾಸವಾದರೆ ತೊಂದರೆಯಿಲ್ಲ. ಹಳೆಯ ಫಾಂಟಿನ ಕಡತವನ್ನು ಇದಕ್ಕೆ ಕೊಟ್ಟರೆ ‘ಪಿ, ಎ, ಪೌಂಡ್’ ಎಂದೇ ಓದಬೇಕು. ಕಣ್ಣಿದ್ದವರು ಫಾಂಟ್ ಹಾಕಿಕೊಂಡು ಹೇಗೋ ದಾಟಿಬಿಡುತ್ತೇವೆ, ಕಣ್ಣಿಲ್ಲದವರಿಗೆ ಆ ಪುಟದಲ್ಲಿ ಕನ್ನಡವೇ ಇಲ್ಲ. ಹಳೆಯ ಸಂಕೇತದಲ್ಲಿ ಸುತ್ತೋಲೆ, ಅರ್ಜಿ ನಮೂನೆ ಹೊರಡಿಸುವ ಕಚೇರಿಗಳು ಇದನ್ನು ಗಮನಿಸಬೇಕು. ಮುಕ್ತ ಮಾನಕಗಳ ನೀತಿಯನ್ನು ಕೇಂದ್ರ ಸರ್ಕಾರ 2010ರಲ್ಲೇ ಹೊರಡಿಸಿದೆ, ಮುಕ್ತ ಆಕರ ತಂತ್ರಾಂಶದ ನೀತಿಯನ್ನು 2015ರಲ್ಲಿ. ಕಾಗದದ ಮೇಲೆ ಎಲ್ಲ ಸರಿಯಾಗಿದೆ.

ಓದುವ ಹಕ್ಕಿನ ಮಾತು ಬಂದ ಮೇಲೆ ಇ-ಪುಸ್ತಕವನ್ನು ಬಿಡುವ ಹಾಗಿಲ್ಲ. 2009ರ ಜುಲೈನಲ್ಲಿ ಅಮೆಜಾನ್ ತನ್ನ ಕಿಂಡಲ್‌ನಲ್ಲಿ ಮಾರಿದ್ದ ಜಾರ್ಜ್ ಆರ್ವೆಲ್ಲರ ಎರಡು ಪುಸ್ತಕಗಳ ಒಂದು ಆವೃತ್ತಿಯನ್ನು ಓದುಗರ ಸಾಧನಗಳಿಂದ ದೂರದಿಂದಲೇ ಅಳಿಸಿತು. ಮಾರಿದವರಿಗೆ ಮಾರುವ ಹಕ್ಕಿರಲಿಲ್ಲ ಎಂಬುದು ಕಾರಣ. ದುಡ್ಡು ವಾಪಸಾಯಿತು, ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ತೆರೆಯದಾದವು, ಅಲ್ಲೂ ದುಡ್ಡು ವಾಪಸು. ದುಡ್ಡು ಬಂದರೆ ಸಾಕೇ? ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಗೆ ಯಾರು ಬೆಲೆ ಕಟ್ಟುತ್ತಾರೆ? ನನ್ನ ಕಪಾಟಿನಲ್ಲಿರುವ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಯಾರೋ ಓದಿ ಕೊಟ್ಟದ್ದು, ಇಲ್ಲವೇ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕದ್ದು. ಇ-ಪುಸ್ತಕ ಹಾಗೆ ಕೈ ದಾಟುವುದಿಲ್ಲ.

ಈ ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ವಿವೇಕದ್ದು ಎಂಬುದನ್ನು ಹೆಮ್ಮೆಯಿಂದ ಹೇಳುತ್ತೇನೆ. ಅಲ್ಲಿ 1998ರ ಕಾಯಿದೆಯಂತೆ ಡಿಜಿಟಲ್ ಬೀಗ ಮುರಿಯುವುದೇ ನಿಷಿದ್ಧ. ಹೊಸ ವಿನಾಯಿತಿ ಬೇಕಿದ್ದರೆ ಮೂರು ವರ್ಷಕ್ಕೊಮ್ಮೆ ಹೋಗಿ ಬೇಡಬೇಕು. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ ಕಲಮಿನಲ್ಲಿ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಮಾತ್ರ ಅಪರಾಧ. ಕಾಯಿದೆ ನಿಷೇಧಿಸದ ಕೆಲಸಕ್ಕೆ ಬೀಗ ತೆಗೆಯಲು ಅಡ್ಡಿಯಿಲ್ಲ. ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ತರುವುದಕ್ಕೂ ಅದೇ ವರ್ಷ ದಾರಿ ಮಾಡಿಕೊಟ್ಟರು. ಇಂಥ ಕಾನೂನು ನಮಗಿದೆ ಎಂಬುದೇ ಬಹಳ ಜನರಿಗೆ ತಿಳಿಯದು.

ಇಂಥ ಹಕ್ಕುಗಳು ತಾವಾಗಿ ಬರಲಿಲ್ಲ, ಕೇಳಿದವರಿಂದ ಬಂದವು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತ ಪ್ರಕರಣಕ್ಕೆ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿದೆ. 2012ರಲ್ಲಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಕಂಪ್ಯೂಟರ್ ವಿದ್ಯೆ ಕಲಿತ ಬಹಳ ಮಂದಿ ಸುಮ್ಮನಿದ್ದಾಗ ಸಂವಿಧಾನ ಓದಿಕೊಂಡ ಹಿರಿಯರೊಬ್ಬರು ಎದ್ದು ಕೇಳಿದರು. 2016ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಕೆಲವು ತಾಣಗಳಿಗೆ ಮಾತ್ರ ಉಚಿತ, ಉಳಿದವಕ್ಕೆ ದುಡ್ಡು ಎಂಬ ಯೋಜನೆಗಳನ್ನು ನಿಲ್ಲಿಸಿದ್ದಕ್ಕೂ ಲಕ್ಷಾಂತರ ಮಂದಿ ಸಾಮಾನ್ಯರು ಇಮೇಲ್ ಬರೆದು ಒತ್ತಾಯಿಸಿದ್ದೇ ಹಿನ್ನೆಲೆ.

ನೀವು ಕನ್ನಡದಲ್ಲಿ ಬರೆಯುವವರಾಗಿದ್ದರೆ, ಪ್ರಕಾಶಕರಾಗಿದ್ದರೆ, ಸಂಘವೊಂದರ ಕಾರ್ಯದರ್ಶಿಯಾಗಿದ್ದರೆ, ಅಥವಾ ಇಂಥ ಒಬ್ಬರು ಮನೆಯಲ್ಲಿದ್ದು ಹೋಗಿದ್ದರೆ, ಮೇಷ್ಟ್ರ ಸಿಡಿಯ ನೆನಪಿನಲ್ಲಿ ನಿಮ್ಮಲ್ಲಿ ಒಂದು ಬೇಡಿಕೆ. ಕಪಾಟಿನ ಹಿಂದೆ, ಪ್ರೆಸ್ಸಿನ ಮೂಲೆಯಲ್ಲಿ, ಹಳೆಯ ಕ್ಯಾಬಿನೆಟ್ಟಿನೊಳಗೆ ಸಿಡಿ, ಫ್ಲಾಪಿ, ಹಾರ್ಡ್ ಡಿಸ್ಕ್ ಇರಬಹುದು. ಗುಜರಿಗೆ ಹಾಕಬೇಡಿ. ಸಿಡಿಯ ಪದರ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ; ಅದನ್ನು ಟೈಪ್ ಮಾಡಿದ ಡಿಟಿಪಿಯವರಿಗೆ ವಯಸ್ಸಾಗುತ್ತಿದೆ. ಯಾವ ತಂತ್ರಾಂಶದಲ್ಲಿ ಮಾಡಿದ್ದೆಂದು ಅವರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಅಚ್ಚಾದ ಒಂದು ಪ್ರತಿಯನ್ನು ಅದರ ಜೊತೆಯಲ್ಲೇ ಇಡಿ. ಕಡತವನ್ನು ಯೂನಿಕೋಡಿಗೆ ತರಿಸಿ, ಎರಡು ಬೇರೆ ಬೇರೆ ಕಡೆ ಉಳಿಸಿ. ಹೊಸ ಪುಸ್ತಕವನ್ನು ಪ್ರೆಸ್ಸಿಗೆ ಕೊಡುವಾಗ ಅಚ್ಚಿನ ಪ್ರತಿಯ ಜೊತೆಗೆ ಯೂನಿಕೋಡ್ ಕಡತವನ್ನೂ ಕೇಳಿ ಪಡೆಯಿರಿ. ದುಡ್ಡು ಕೊಟ್ಟಿರುವವರು ನೀವು, ಕೇಳಲು ಸಂಕೋಚ ಬೇಡ. ಇದನ್ನು ಹೇಗೆ ಮಾಡುವುದೆಂದು ತಿಳಿಯದಿದ್ದರೆ ಹತ್ತಿರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಲಿನಕ್ಸ್ ಹುಚ್ಚಿನ ಹುಡುಗ ಹುಡುಗಿಯರು ನಾಲ್ಕು ಜನರಾದರೂ ಇರುತ್ತಾರೆ, ಅವರನ್ನು ಕರೆಯಿರಿ. ಬರುತ್ತಾರೆ.